ಆರ್ಲೋ ಲೂಂಡನ ಓಡದ ಹಡ್ಸನ್

ಆರ್ಲೋ ಲೂಂಡನ ಹತ್ತಿರ ಒಂದು ಹಳೆಯ ಹಡ್ಸನ್ ಕಾರಿದೆ ಎನ್ನುವುದು ನಾರ್ಬಿ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಓಡಿದ್ದನ್ನು ಕಂಡವರು ಮಾತ್ರ ಇಬ್ಬರೇ, ಆರ್ಲೋ ಮತ್ತು ಅವನ ಹೆಂಡತಿ ಡೆಲೋರಿಸ್. ಅದರಲ್ಲೂ ಆರ್ಲೋ ಕಂಡದ್ದು ಹಿಂದಿನಿಂದ. ಹೋಲ್ಟ್ ಮನೆತನದವರ ಹೊಲದಲ್ಲಿ ಹರಾಜು ನಡೆದಾಗ ಕಾರು ಕೊಂಡ ಅವನು ತನ್ನ ಪಿಕಪ್ಪಿನಲ್ಲಿ ಹಿಂದೆ ಬಂದ. ಹಡ್ಸನ್ನನ್ನು ಮನೆಯವರೆಗೆ ಓಡಿಸಿಕೊಂಡು ಬಂದವಳು ಡೆಲೋರಿಸ್. ಅಂಗಳದಲ್ಲಿ ಇಳಿದವಳೇ, "ಇದನ್ನ ಮುಟ್ಟಬೇಡ ಆರ್ಲೋ, ಚೆನ್ನಾಗೇ ಓಡ್ತಿದೆ" ಎಂದಳಂತೆ. ಆರ್ಲೋ ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಅದರ ಬಾನೆಟ್ಟು ಕಳಚಿಟ್ಟ.

ಚೆನ್ನಾಗಿ ಓಡುವ ಕಾರನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತೇನೆಂದು ಬಿಚ್ಚಿ ಹಾಕುವುದು ನಮ್ಮ ಪೈಕಿಯವರಿಗೆಲ್ಲ ಅಂಟಿದ ರೋಗ. ಬೇರೆಯವರಿಗೆ ಬಂದು ಹೋಗುತ್ತದೆ. ಆರ್ಲೋನಿಗೆ ಬಂದದ್ದು ಹೋಗಲಿಲ್ಲ. "ಈ ಚಳಿಗಾಲ ಒಂದು ಕಳೀಲಿ" ಎಂದು ಅವನು ಹೇಳಿದ ಮೇಲೆ ಮಿನೆಸೋಟಾದಲ್ಲಿ ಎಷ್ಟು ಚಳಿಗಾಲ ಕಳೆದವೆಂದರೆ, ಅವನ ಮಕ್ಕಳು ಬೆಳೆದು, ಮದುವೆಯಾಗಿ, ಅವರ ಮಕ್ಕಳೂ ಕಾರು ಓಡಿಸಲು ಕಲಿತರು. ಹಡ್ಸನ್ ಮಾತ್ರ ಗ್ಯಾರೇಜಿನಲ್ಲಿ ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತೇ ಇತ್ತು.

ನಾನು ಮಾರ್ಲಿಸ್, ನಾರ್ಬಿ ಹಳೆ ಕಾರು ಕ್ಲಬ್ಬಿನ ಕಾರ್ಯದರ್ಶಿ. ಗಂಡ ತೀರಿಕೊಂಡ ಮೇಲೆ ಅವನ ನ್ಯಾಶ್ ಕಾರೂ ಕ್ಲಬ್ಬಿಗೆ ಕಾಫಿ ಕಾಯಿಸುವ ಕೆಲಸವೂ ನನ್ನ ಪಾಲಿಗೆ ಬಂದವು. ಎರಡರಲ್ಲಿ ಯಾವುದೂ ನಾನು ಕೇಳಿ ಪಡೆದದ್ದಲ್ಲ. ಆರ್ಲೋ ವಿಷಯ ಬರೆಯುವಾಗ ನನ್ನ ಮಾತಿನಲ್ಲಿ ಸ್ವಲ್ಪ ಖಾರ ಕಂಡರೆ ಅದಕ್ಕೊಂದು ಕಾರಣವಿದೆ. ತನ್ನ ಕಾರನ್ನು ಒಮ್ಮೆಯೂ ಪ್ರದರ್ಶನಕ್ಕೆ ತರದ ಈ ಮಹಾಶಯ ಬೇರೆಯವರ ಕಾರುಗಳಿಗೆ ತೀರ್ಪುಗಾರನಾಗಿದ್ದ. ಬಿಳಿ ಅಂಗಿ ಹಾಕಿ, ಕೈಯಲ್ಲಿ ಟಾರ್ಚು ಹಿಡಿದು, ಕಾರುಗಳ ಅಡಿಗೆ ತೂರಿಕೊಂಡು ಯಾವ ತಿರುಪು ತಪ್ಪು, ಯಾವ ವಯರಿನ ಬಣ್ಣ ತಪ್ಪು ಎಂದು ಹುಡುಕುತ್ತಿದ್ದ. ನಮ್ಮ ನ್ಯಾಶಿನ ನೀರಿನ ಕೊಳವೆಯನ್ನು ಬಿಗಿಯಲು ಹಾಕಿದ್ದ ಪಟ್ಟಿ ಆ ಕಾಲದ್ದಲ್ಲ ಎಂದು ಅಂಕ ಕಳೆದ. ನನ್ನ ಗಂಡ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗಲೂ, "ಆ ಪಟ್ಟಿ ಸರಿಯಾದ್ದೇ ಕಣೇ" ಎಂದು ಹೇಳುತ್ತಿದ್ದ.

ಸರಿಯಾದ್ದು. ಆರ್ಲೋನ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದ್ದದ್ದು ಇದೊಂದೇ ಮಾತು. ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಇದ್ದರೆ ಸರಿಯಾದ್ದು, ಮಿಕ್ಕಿದ್ದೆಲ್ಲ ಗುಜರಿ. ಅವನ ಕಾರಿಗೆ ಬೂದು ಅಡಿಬಣ್ಣ ಬಳಿದು ವರ್ಷಗಳಾಗಿದ್ದವು. ಮೇಲಿನ ಹಸಿರು ಬಣ್ಣ ಯಾವ ಛಾಯೆಯದ್ದು ಎನ್ನುವುದು ತೀರ್ಮಾನವಾಗದೆ ಅದು ಬೂದಾಗಿಯೇ ಉಳಿದಿತ್ತು.

ಕಾರು ಓಡದಿದ್ದದ್ದು ಬಣ್ಣದಿಂದಲ್ಲ, ನೀರಿನ ಪಂಪಿನಿಂದ. ಎಂಜಿನ್ನನ್ನು ತಣ್ಣಗಿಡಲು ನೀರು ತಿರುಗಿಸುವ ಪಂಪು ಅದು. ಒಂದು ಶರತ್ಕಾಲದಲ್ಲಿ ಆರ್ಲೋ ಎಂಜಿನ್ನಿನೊಳಗಿನ ಕೊಳೆ ತೊಳೆಯಲೆಂದು ಬರೀ ನೀರು ತುಂಬಿಸಿದ. ತೊಳೆದು ಬಸಿದ. ಪಂಪಿನ ಹೊಟ್ಟೆಯಲ್ಲಿ ಒಂದಿಷ್ಟು ಉಳಿದದ್ದು ಗೊತ್ತಾಗಲಿಲ್ಲ. ಅದೇ ವಾರ ಹಿಮ ಬಿದ್ದು, ನೀರು ಗಟ್ಟಿಯಾಗಿ, ಪಂಪು ಕಲ್ಲಂಗಡಿಯಂತೆ ಸೀಳಿತು. ಈ ಚಳಿಯಲ್ಲಿ ಹುಟ್ಟಿ ಬೆಳೆದವನು ಮಾಡುವ ಕೆಲಸವೇ ಅದು? ಎಂದು ಊರೆಲ್ಲ ನಕ್ಕಿತು.

ಇನ್ನೊಂದು ಪಂಪು ಇರಲಿಲ್ಲವೆಂದಲ್ಲ. ಅಲ್ಲೇ ಇದೆ ತಮಾಷೆ. ಮುಚ್ಚಿಹೋದ ಯಾವುದೋ ಗ್ಯಾರೇಜಿನ ಅಟ್ಟದಿಂದ ಹೊರಬಿದ್ದ ಒಂದು ರಟ್ಟಿನ ಪೆಟ್ಟಿಗೆ ಆರ್ಲೋನಿಗೆ ಸಿಕ್ಕಿತ್ತು. ಮೇಲೆ ಪಂಪಿನ ನಂಬರು, ಬಾಯಿಗೆ ಹಳದಿಗಟ್ಟಿದ ಕಾಗದದ ಟೇಪು, ಒಂದು ಮೂಲೆಯೂ ಹರಿದಿಲ್ಲ. ಅಷ್ಟು ವರ್ಷದಿಂದ ಯಾರೂ ಬಿಚ್ಚದ ಪೆಟ್ಟಿಗೆ. ನಮ್ಮಂಥವರ ಲೋಕದಲ್ಲಿ ಬಿಚ್ಚದ ಪೆಟ್ಟಿಗೆಗೆ ಇರುವ ಬೆಲೆ ಒಳಗಿನ ಸಾಮಾನಿಗಿಲ್ಲ. ಬಿಚ್ಚಿದರೆ ಅದು ಪಂಪು, ಬಿಚ್ಚದಿದ್ದರೆ ದೇವರು. ಆರ್ಲೋ ಅದನ್ನು ಗ್ಯಾರೇಜಿನ ಎತ್ತರದ ಶೆಲ್ಫಿನಲ್ಲಿಟ್ಟು, ಬಿಸಿಲು ತಾಗದ ಹಾಗೆ ಬಟ್ಟೆ ಹೊದಿಸಿ, ಆ ಪೆಟ್ಟಿಗೆಯನ್ನು ಬಿಚ್ಚದೆ ಇರುವ ಸಲುವಾಗಿ ಇನ್ನೊಂದು ಪಂಪು ಹುಡುಕಲು ಹೊರಟ. ಅಯೋವಾದಿಂದ ವಿಸ್ಕಾನ್ಸಿನ್‌ವರೆಗೆ ಹಳೆ ಸಾಮಾನಿನ ಸಂತೆ ಎಲ್ಲಿ ನಡೆದರೂ ಅಲ್ಲಿ ಆರ್ಲೋ. ಪಂಪು ಮಾತ್ರ ಇಲ್ಲ.

ಕ್ಲಬ್ಬಿನ ಅಧ್ಯಕ್ಷ ವೆಂಡೆಲ್ ಕ್ರೌಸನ ಹತ್ತಿರವೂ ಒಂದು ಹಡ್ಸನ್ ಇದೆ, ಕಪ್ಪು ಬಣ್ಣದ್ದು. ವೆಂಡೆಲ್ ಅದನ್ನು ಭಾನುವಾರ ಇಗರ್ಜಿಗೆ, ಸೋಮವಾರ ಮೀನು ಹಿಡಿಯಲು ಓಡಿಸುತ್ತಾನೆ. ತಂತಿ, ದಾರ, ಹಾರ್ಡ್‌ವೇರ್ ಅಂಗಡಿಯ ಬೋಲ್ಟು, ಏನು ಸಿಕ್ಕರೆ ಅದರಿಂದ ಕಟ್ಟಿದ ಕಾರು. ಆರ್ಲೋ ಅದರ ಬಾನೆಟ್ಟು ಎತ್ತಿದಾಗಲೆಲ್ಲ ಮೂಗು ಮುರಿಯುತ್ತಿದ್ದ. ವೆಂಡೆಲ್ ಕೇಳುವುದು ಒಂದೇ ಪ್ರಶ್ನೆ.

"ನನ್ನದು ತಪ್ಪು ಕಾರು, ಒಪ್ಪಿದೆ. ನಿನ್ನ ಸರಿಯಾದ ಕಾರು ಎಲ್ಲಿ ಮಾರಾಯ?"

ಒಂದು ವರ್ಷ ಕ್ಲಬ್ಬಿನ ಮೇ ತಿಂಗಳ ಸಭೆಗೆ ಡೆಲೋರಿಸ್ ಬಂದಳು. ಕೆಫೆಯ ಹಿಂದಿನ ಕೋಣೆಯಲ್ಲಿ ಸೇರುವ ಆ ಸಭೆಗೆ ಅವಳು ಹಣ್ಣು ತುಂಬಿ ಬೇಯಿಸಿದ ಪೈ ಕಳಿಸುತ್ತಿದ್ದಳೇ ಹೊರತು ತಾನು ಬರುತ್ತಿರಲಿಲ್ಲ. ಗಂಡಸರು ತಿರುಪಿನ ವಿಷಯ ಮಾತಾಡುವುದನ್ನು ಮನೆಯಲ್ಲೇ ಕೇಳಿ ಸಾಕಾಗಿತ್ತು. ಅವತ್ತು ನನ್ನ ಪಕ್ಕ ಕೂತಳು. ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಕಾರುಗಳೆಲ್ಲ ಸಾಲಾಗಿ ನದಿಯ ಪಾರ್ಕಿಗೆ ಹೋಗಿ ಬರುವ ಸವಾರಿಗೆ ಯಾರ ಕಾರು ಬರುತ್ತದೆ ಎಂದು ವೆಂಡೆಲ್ ಕೇಳಿದಾಗ ಕೈ ಎತ್ತಿದಳು.

"ನಮ್ಮ ಹಡ್ಸನ್ ಬರತ್ತೆ. ನಾನು ಓಡಿಸ್ತೀನಿ."

ಆರ್ಲೋ ಕಾಫಿ ಲೋಟವನ್ನೇ ನೋಡುತ್ತಿದ್ದ.

"ನನ್ನ ಕಣ್ಣಿನ ಮಧ್ಯದ ನೋಟ ಹೋಗ್ತಾ ಇದೆ" ಎಂದಳು ಡೆಲೋರಿಸ್, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ. "ಡಾಕ್ಟ್ರು ಅಕ್ಟೋಬರ್‌ವರೆಗೆ ಓಡಿಸಬಹುದು ಅಂದಿದ್ದಾರೆ. ಹಗಲು ಹೊತ್ತು ಮಾತ್ರ, ನಿಧಾನವಾಗಿ ಮಾತ್ರ. ಆಮೇಲೆ ಲೈಸೆನ್ಸು ಇಲ್ಲ. ನೀವೆಲ್ಲ ಹೇಗೂ ನಲವತ್ತು ಮೈಲಿ ವೇಗದ ಮೇಲೆ ಹೋಗೋದೇ ಇಲ್ಲ. ನನಗೆ ಹೇಳಿ ಮಾಡಿಸಿದ ಹಾಗಿದೆ."

"ಪಂಪಿಲ್ಲ ಡೆಲೋರಿಸ್" ಎಂದ ಆರ್ಲೋ ಮೆಲ್ಲಗೆ.

"ಶೆಲ್ಫ್ ಮೇಲಿದೆಯಲ್ಲ."

"ಅದನ್ನ ಬಿಚ್ಚೋ ಹಾಗಿಲ್ಲ. ಬೇರೆ ಹುಡುಕ್ತೀನಿ. ಬೇಸಿಗೆ ಇಡೀ ಇದೆ."

ಡೆಲೋರಿಸ್ ಪೈ ತಟ್ಟೆಯನ್ನು ನನ್ನ ಕಡೆ ಸರಿಸಿ, "ಎಲ್ಲರಿಗೂ ಬಂತಾ ನೋಡು ಮಾರ್ಲಿಸ್, ನನಗೆ ಸರಿಯಾಗಿ ಕಾಣಲ್ಲ" ಎಂದಳು. ನನಗೆ ಆರ್ಲೋನ ಮೇಲೆ ಎಂಥ ಕೋಪ ಬಂತೆಂದರೆ, ಅವನ ಲೋಟಕ್ಕೆ ಎರಡನೇ ಸಲ ಕಾಫಿ ಹಾಕಲಿಲ್ಲ.

ಅವನು ಹುಡುಕಲಿಲ್ಲ ಎಂದರೆ ತಪ್ಪಾಗುತ್ತದೆ. ಜೂನ್, ಜುಲೈ ಪೂರ್ತಿ ತಿರುಗಿದ. ಡಕೋಟಾದವರೆಗೂ ಹೋಗಿ ಬಂದ. ಎಂಜಿನ್ನನ್ನು ಸೇರಿಸಿದ, ಚಕ್ರ ಹಾಕಿದ, ಬ್ರೇಕು ಕೂರಿಸಿದ, ದಿಮ್ಮಿಗಳ ಮೇಲಿಂದ ಕಾರನ್ನು ನೆಲಕ್ಕಿಳಿಸಿದ. ಪಂಪು ಕೂರಬೇಕಾದ ಜಾಗ ಮಾತ್ರ ಹಲ್ಲು ಉದುರಿದ ಬಾಯಿಯಂತೆ ಖಾಲಿ ಇತ್ತು. ಸಂಜೆ ಹೊತ್ತು ಶೆಲ್ಫಿನ ಮುಂದೆ ನಿಂತು ಪೆಟ್ಟಿಗೆಯನ್ನು ನೋಡಿ, ಮತ್ತೆ ಬಟ್ಟೆ ಹೊದಿಸಿ ಬರುತ್ತಿದ್ದನಂತೆ.

ಆಗಸ್ಟಿನ ಒಂದು ಮಧ್ಯಾಹ್ನ ಆರ್ಲೋ ಒಬ್ಬನೇ ನನ್ನ ಮನೆಗೆ ಬಂದ. ಕೂರು ಎಂದರೆ ಕೂರಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಗ್ಯಾರೇಜಿಗೆ ಹೋದೆ ಮಾರ್ಲಿಸ್. ಅವಳು ಕಾರೊಳಗೆ ಕೂತಿದ್ಲು. ಸ್ಟೇರಿಂಗ್ ಮುಂದೆ. ಕಣ್ಣು ಮುಚ್ಚಿಕೊಂಡು ಕೈಯಲ್ಲಿ ಸವರಿ ಸವರಿ ನೋಡ್ತಿದ್ಲು. ದೀಪದ ಗುಂಡಿ ಎಲ್ಲಿ, ಗೇರು ಎಲ್ಲಿ, ಅಂತ. ಬಾಯಲ್ಲಿ ಲೆಕ್ಕ ಹಾಕಿಕೊಂಡು ಗೇರು ಹಾಕೋದು, ತೆಗೆಯೋದು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ."

"ನೀನೇನು ಮಾಡಿದೆ?"

"ಬಂದ ಹೆಜ್ಜೆಯಲ್ಲೇ ವಾಪಸ್ ಬಂದೆ." ಟೋಪಿ ತಲೆಗಿಟ್ಟುಕೊಂಡು ಹೇಳಿದ, "ನಾಳೆ ಬಾ. ವೆಂಡೆಲ್ಲನ್ನೂ ಕರೆದಿದ್ದೀನಿ. ಪೆಟ್ಟಿಗೆ ಬಿಚ್ತೀನಿ."

ಮಾರನೆಯ ದಿನ ಲೂಂಡ್ ಮನೆಯ ಅಡುಗೆಮನೆ ಆಪರೇಷನ್ ಕೋಣೆಯಾಗಿತ್ತು. ಮೇಜಿನ ಮೇಲೆ ಬಿಳಿ ಟವೆಲ್ಲು, ಅದರ ಮೇಲೆ ಪೆಟ್ಟಿಗೆ. ಆರ್ಲೋ ನಮಗೆಲ್ಲ ಹತ್ತಿಯ ಕೈಗವಸು ಹಾಕಿಕೊಳ್ಳಲು ಹೇಳಿದ. ವೆಂಡೆಲ್, "ನಾನು ಬರೀ ನೋಡ್ತೀನಪ್ಪ, ನನ್ನ ಕೈ ತಪ್ಪು ಕೈ" ಎಂದು ಗೋಡೆಗೆ ಒರಗಿ ನಿಂತ. ಆರ್ಲೋ ಟೇಪನ್ನು ಕತ್ತರಿಸಲಿಲ್ಲ. ಪೆಟ್ಟಿಗೆಯನ್ನು ಮಗುಚಿ ಹಾಕಿ, ಕ್ಷೌರದ ಬ್ಲೇಡಿನಿಂದ ತಳದ ಅಂಟನ್ನು ಎಬ್ಬಿಸಿದ. ಪಂಪು ಹೋದರೂ ಟೇಪು ಉಳಿಯಲಿ ಎಂಬ ಆಸೆ. ಒಳಗೆ ಹಳೆ ಪೇಪರಿನಲ್ಲಿ ಸುತ್ತಿದ ಭಾರದ ಗಂಟೊಂದಿತ್ತು. ಮೆಲ್ಲಗೆ ಬಿಡಿಸಿದ.

ಒಳಗಿದ್ದದ್ದು ಒಂದು ಹಳೆಯ ಪಂಪು. ಗ್ರೀಸು ಗಟ್ಟಿಯಾಗಿ ಕಪ್ಪಾದ, ತುಕ್ಕು ಹಿಡಿದ, ಓಡಿ ಓಡಿ ಸವೆದುಹೋದ ಪಂಪು.

ಯಾವ ಕಾಲದಲ್ಲೋ ಯಾವನೋ ಮೆಕ್ಯಾನಿಕ್ಕು ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಯಾರದೋ ಕಾರಿಗೆ ಹಾಕಿ, ಕಳಚಿದ ಹಳೆಯದನ್ನು ಅದೇ ಪೆಟ್ಟಿಗೆಗೆ ತುಂಬಿ ಟೇಪು ಹಚ್ಚಿದ್ದ. ಎಲ್ಲ ಗ್ಯಾರೇಜಿನಲ್ಲೂ ನಡೆಯುವ ಸಂಗತಿ ಅದು. ನನ್ನ ಮನೆಯಲ್ಲೇ ಅಂಥ ಪೆಟ್ಟಿಗೆಗಳು ಬೇಕಾದಷ್ಟಿವೆ. ಕ್ಲಬ್ಬಿನಲ್ಲಿ ಎಲ್ಲರ ಕಾರಿನಡಿ ಟಾರ್ಚು ಹಾಕಿ ತಪ್ಪು ಹುಡುಕಿದವನು, ಗುಜರಿ ಪಂಪಿಗೆ ಬಿಸಿಲು ತಾಗದ ಹಾಗೆ ಬಟ್ಟೆ ಹೊದಿಸಿ ಸಾಕಿದ್ದ.

ನಾನು ತುಟಿ ಕಚ್ಚಿಕೊಂಡೆ. ನನ್ನ ಗಂಡ ಇರಬೇಕಿತ್ತು ಎನ್ನಿಸಿತು. ಆದರೆ ಆರ್ಲೋನ ಮುಖ ನೋಡಿದ ಮೇಲೆ ನಗಲು ಆಗಲಿಲ್ಲ. ಅವನು ಕೈಗವಸು ಹಾಕಿದ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದಿದ್ದ.

"ಏನಿದೆ? ಯಾಕೆ ಯಾರೂ ಮಾತಾಡ್ತಿಲ್ಲ?" ಎಂದಳು ಡೆಲೋರಿಸ್. ಅವಳಿಗೆ ಸ್ಪಷ್ಟವಾಗಿ ಕಂಡಿರಲಿಲ್ಲ.

"ಹಳೇದು" ಎಂದ ಆರ್ಲೋ. "ಸತ್ತ ಪಂಪು. ಇಷ್ಟು ವರ್ಷ ಸತ್ತ ಪಂಪನ್ನ ಕಾದೆ ಡೆಲೋರಿಸ್. ನಿನ್ನನ್ನೂ ಕಾಯಿಸಿದೆ."

ಗೋಡೆಗೆ ಒರಗಿದ್ದ ವೆಂಡೆಲ್ ಮುಂದೆ ಬಂದ. ಜೀವಮಾನವಿಡೀ ಆರ್ಲೋನ ಕಾಲೆಳೆಯಲು ಕಾದಿದ್ದವನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ಆದರೆ ಅವನು ಕಾಲೆಳೆಯಲಿಲ್ಲ. ಬರಿಗೈಯಲ್ಲಿ ಪಂಪನ್ನು ಎತ್ತಿಕೊಂಡು, ತಿರುಗಿಸಿ, ಚಮಚದಿಂದ ಮೈಮೇಲೆ ಬಡಿದ. ಗಂಟೆಯ ಹಾಗೆ ಸದ್ದು ಬಂತು.

"ಎಲ್ಲೂ ಸೀಳಿಲ್ಲ. ಬೇರಿಂಗು ಹೋಗಿದೆ, ಸೀಲು ಹೋಗಿದೆ, ಅಷ್ಟೇ. ನನ್ನ ಟ್ರ್ಯಾಕ್ಟರಿಂದು ಇದಕ್ಕೆ ಕೂರತ್ತೆ. ಒಂದು ಸಂಜೆ ಕೆಲಸ."

"ಟ್ರ್ಯಾಕ್ಟರಿಂದಾ?" ಆರ್ಲೋ ತಲೆ ಎತ್ತಿದ. ಆ ಸ್ಥಿತಿಯಲ್ಲೂ ಅವನ ಬಾಯಿಂದ ಬಂದದ್ದು, "ಅದು ಸರಿಯಾದ್ದಲ್ಲ ವೆಂಡೆಲ್."

"ಪೆಟ್ಟಿಗೆ ಸರಿಯಾದ್ದಾಗಿತ್ತಲ್ಲ" ಎಂದಳು ಡೆಲೋರಿಸ್. "ಅದು ಓಡಿತಾ?"

ಆಮೇಲೆ ಅವಳು ನಗತೊಡಗಿದಳು. ಕೈ ಚಾಚಿ ಆರ್ಲೋನ ಕೈ ಹುಡುಕಿ, ಹತ್ತಿಯ ಕೈಗವಸು ಕಿತ್ತು ಮೇಜಿನ ಮೇಲೆಸೆದಳು. ನಾನೂ ವೆಂಡೆಲ್ಲೂ ಅದಕ್ಕೇ ಕಾಯುತ್ತಿದ್ದೆವೋ ಏನೋ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆರ್ಲೋ ಕೊನೆಗೆ ನಕ್ಕ, ಸ್ವಲ್ಪ ಅತ್ತ ಕೂಡ. ಅವತ್ತೇ ಸಂಜೆ ಪಂಪು ವೆಂಡೆಲ್ಲನ ಕೊಟ್ಟಿಗೆಗೆ ಹೋಯಿತು.

ಸೆಪ್ಟೆಂಬರಿನ ಸವಾರಿಗೆ ಹಡ್ಸನ್ ಬೂದು ಬಣ್ಣದಲ್ಲೇ ಬಂತು. ಪೆಟ್ರೋಲು ತೋರಿಸುವ ಮುಳ್ಳು ಕೆಲಸ ಮಾಡುತ್ತಿರಲಿಲ್ಲ, ಯಾಕೆಂದರೆ ಸರಿಯಾದ ಮುಳ್ಳು ಇನ್ನೂ ಸಿಕ್ಕಿರಲಿಲ್ಲ. ಪೆಟ್ರೋಲು ಉಳಿದು ಟ್ಯಾಂಕಿನಲ್ಲಿ ನಿಂತರೆ ಕೆಡುತ್ತದೆಂದು ಆರ್ಲೋ ನದಿಯ ಪಾರ್ಕಿಗೆ ಹೋಗಿ ಬರಲು ಎಷ್ಟು ಬೇಕೋ ಅಷ್ಟೇ, ಮೇಲೆ ಒಂದು ಗುಟುಕು ಸೇರಿಸಿ ಹಾಕಿದ್ದ. ಡೆಲೋರಿಸ್ ಸ್ಟೇರಿಂಗ್ ಹಿಡಿದಳು. ತಲೆಗೆ ಹಳದಿ ಸ್ಕಾರ್ಫು. ಪಕ್ಕದಲ್ಲಿ ಆರ್ಲೋ. ನನ್ನ ನ್ಯಾಶನ್ನು ಮನೆಯಲ್ಲಿ ಬಿಟ್ಟು ಹಿಂದಿನ ಸೀಟಿನಲ್ಲಿ ಕೂರಲು ಅವಳೇ ನನಗೆ ಹೇಳಿದ್ದಳು.

"ಸಾಕ್ಷಿಗೆ ಒಬ್ಬರಿರಲಿ. ಇವನು ನಾಳೆ ಕಾರು ಓಡಲೇ ಇಲ್ಲ ಅಂದುಬಿಟ್ಟರೆ?"

ಹೋಗುವಾಗ ಎಲ್ಲ ಸರಿಯಾಗಿತ್ತು. ಎಂಜಿನ್ನು ಹದವಾಗಿ ಗುನುಗುತ್ತಿತ್ತು. ಆರ್ಲೋ ಇಡೀ ದಾರಿ ಜೋಳದ ಹೊಲ ನೋಡಲಿಲ್ಲ, ಆಕಾಶ ನೋಡಲಿಲ್ಲ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ.

"ಬಿಸಿ ಆಗ್ತಿದೆಯಾ?" ಎಂದು ಕೇಳಿದಳು ಡೆಲೋರಿಸ್.

"ಇಲ್ಲ."

"ಹಾಗಾದ್ರೆ ಸ್ವಲ್ಪ ಹೊರಗೆ ನೋಡು. ನನಗೆ ಪೂರ್ತಿ ಕಾಣದ್ದನ್ನ ನೀನಾದ್ರೂ ನೋಡಿ ಹೇಳು."

ಆರ್ಲೋ ಹೊರಗೆ ನೋಡಿದ. ಜೋಳ ಹಳದಿಯಾಗಿದೆ, ಕಾಲುವೆಯ ಪಕ್ಕ ಸೂರ್ಯಕಾಂತಿ ಇದೆ, ಎಡಗಡೆ ಯಾರೋ ಬೇಲಿಗೆ ಬಣ್ಣ ಬಳಿಯುತ್ತಿದ್ದಾರೆ ಎಂದು ಒಂದೊಂದೇ ಹೇಳುತ್ತಾ ಬಂದ. ಮೊದಲು ತೀರ್ಪುಗಾರನ ದನಿಯಲ್ಲಿ, ಆಮೇಲೆ ಗಂಡನ ದನಿಯಲ್ಲಿ. ನಾನು ಹಿಂದೆ ಕೂತು ಕಿಟಕಿಯ ಕಡೆ ತಿರುಗಿದೆ.

ತಿರುಗಿ ಬರುವಾಗ ಕೆಲಸ ಕೆಟ್ಟಿತು. ನಮ್ಮ ಕ್ಲಬ್ಬಿನಲ್ಲಿ ಮುಂದಾಳಿನ ಕಾರನ್ನು ಯಾರೂ ದಾಟುವ ಹಾಗಿಲ್ಲ. ಕ್ಲಬ್ಬು ಹುಟ್ಟಿದಾಗಿನಿಂದ ಇರುವ ನಿಯಮ. ಮುಂದೆ ವೆಂಡೆಲ್ಲನ ಕಪ್ಪು ಹಡ್ಸನ್ ಎಮ್ಮೆಯ ನಡಿಗೆಯಲ್ಲಿ ಹೋಗುತ್ತಿತ್ತು.

"ಎದುರಿಗೆ ಏನಾದ್ರೂ ಬರ್ತಿದೆಯಾ?" ಎಂದಳು ಡೆಲೋರಿಸ್.

"ಇಲ್ಲ, ರಸ್ತೆ ಖಾಲಿ" ಎಂದ ಆರ್ಲೋ, ಯಾಕೆ ಕೇಳಿದಳೆಂದು ಯೋಚಿಸದೆ.

ಅವಳು ಹಾರ್ನ್ ಒತ್ತಿ ವೆಂಡೆಲ್ಲನನ್ನು ದಾಟಿದಳು. ಅವನ ಬಾಯಿ ತೆರೆದದ್ದು ನನಗೆ ಕಂಡಿತು. ಊರಿನ ತಿರುವು ಬಂತು, ಅವಳು ತಿರುಗಲಿಲ್ಲ.

"ಡೆಲೋರಿಸ್, ತಿರುವು ಬಿಟ್ಟೆ."

"ಗೊತ್ತು. ಹೋಲ್ಟ್ ಹೊಲದ ರಸ್ತೆಗೆ ಹೋಗ್ತಿದ್ದೀನಿ. ಇದನ್ನ ತಂದ ದಾರಿ. ಆವತ್ತು ನೀನು ಹಿಂದೆ ಬಂದೆ. ಇವತ್ತು ಪಕ್ಕದಲ್ಲಿ ಕೂರು."

"ಪೆಟ್ರೋಲು ಸಾಲಲ್ಲ ಕಣೇ."

"ಯಾಕೆ ಸಾಲಲ್ಲ?"

ಆರ್ಲೋ ಕಾರಣ ಹೇಳಿದ. ಡೆಲೋರಿಸ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹೋಲ್ಟ್ ಹೊಲ ಇನ್ನೂ ಒಂದು ಮೈಲಿ ಇದೆ ಎನ್ನುವಾಗ ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಅವಳು ಕಾರನ್ನು ಹುಲ್ಲಿನ ಅಂಚಿಗೆ ಉರುಳಿಸಿ, ಬ್ರೇಕು ಹಾಕಿ, ಕೈಗಳನ್ನು ಸ್ಟೇರಿಂಗ್ ಮೇಲೇ ಇಟ್ಟುಕೊಂಡು ಕೂತಳು. ಆರ್ಲೋ ಕ್ಷಮೆ ಕೇಳಲು ಬಾಯಿ ತೆರೆದ.

"ಸುಮ್ಮನಿರು" ಎಂದಳು. "ಅಲ್ಲಿ ಏನು ಉಳಿದಿದೆ ಹೇಳು. ಬರೀ ಜೋಳ. ನನಗೆ ಬೇಕಾಗಿದ್ದು ದಾರಿ."

ಪಾರ್ಕಿನ ಊಟದಲ್ಲಿ ಉಳಿದಿದ್ದ ಪೈ ತಿನ್ನುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ವೆಂಡೆಲ್ಲನ ಕಪ್ಪು ಕಾರು ಬಂತು. ಇಳಿದವನು ನಿಯಮದ ವಿಷಯ ಎತ್ತಲಿಲ್ಲ. ಡಿಕ್ಕಿಯಿಂದ ಪೆಟ್ರೋಲಿನ ಡಬ್ಬ ತೆಗೆದ.

"ಡಬ್ಬ ಒಳಗಿಡು ವೆಂಡೆಲ್" ಎಂದಳು ಡೆಲೋರಿಸ್. "ಹಗ್ಗ ತಾ."

ವೆಂಡೆಲ್ಲನಿಗೆ ಕೂಡಲೇ ಅರ್ಥವಾಯಿತು, ನನಗೂ ಆಯಿತು. ನಮ್ಮಲ್ಲಿ ಗ್ರಹಚಾರದ ಪಿಸ್ಟನ್ ಅಂತ ಒಂದು ಬಹುಮಾನವಿದೆ. ಸುಟ್ಟು ಕರಗಿದ ಒಂದು ಪಿಸ್ಟನ್ನನ್ನು ಹಲಗೆಗೆ ಹೊಡೆದದ್ದು. ಪ್ರತಿ ವರ್ಷದ ಸವಾರಿಯಲ್ಲಿ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂದ ಕಾರಿಗೆ ಅದು. ಎಲ್ಲರೂ ನಗುತ್ತಾ ಕೊಡುತ್ತಾರೆ, ತೆಗೆದುಕೊಂಡವರು ನಾಚುತ್ತಾ ತೆಗೆದುಕೊಳ್ಳುತ್ತಾರೆ. ನನ್ನ ಗಂಡನಿಗೆ ಮೂರು ಸಲ ಬಂದಿತ್ತು. ಡಬ್ಬದಿಂದ ಪೆಟ್ರೋಲು ಹಾಕಿಸಿಕೊಂಡು ತಾನೇ ಓಡಿ ಬಂದರೆ ಸಿಗುವುದಿಲ್ಲ.

"ಬಂಪರಿಗೆ ಹಗ್ಗ ಕಟ್ಟಿದರೆ ಪಾಲಿಶು ಹೋಗತ್ತೆ" ಎಂದ ಆರ್ಲೋ.

"ಹೋಗಲಿ" ಎಂದೆವು ನಾವು ಮೂವರೂ.

ಹಗ್ಗದ ತುದಿಯಲ್ಲೂ ಸ್ಟೇರಿಂಗ್ ಹಿಡಿದವಳು ಅವಳೇ. ಊರಿನ ಮುಖ್ಯ ಬೀದಿಯಲ್ಲಿ ಜನ ನಿಂತು ನೋಡಿದರು, ಡೆಲೋರಿಸ್ ರಾಣಿಯ ಹಾಗೆ ಕೈ ಬೀಸಿದಳು. ಸಂಜೆ ಇಗರ್ಜಿಯ ನೆಲಮಾಳಿಗೆಯಲ್ಲಿ ಮಾಂಸ, ಆಲೂಗೆಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಊಟವಾದ ಮೇಲೆ ವೆಂಡೆಲ್ ಪಿಸ್ಟನ್ನನ್ನು ಅವಳ ಕೈಗೆ ಕೊಟ್ಟ. ಯಾರೋ ಮಾತಾಡು ಎಂದರು. ಅವಳು ಪಿಸ್ಟನ್ನನ್ನು ಬೆರಳಿನಿಂದ ಸವರಿ ನೋಡಿ, ಆರ್ಲೋ ಕೂತಿದ್ದ ಕಡೆಗೆ ತಿರುಗಿದಳು.

"ಇಷ್ಟು ವರ್ಷದಲ್ಲಿ ನಮ್ಮ ಕಾರು ಇವತ್ತೇ ಮೊದಲ ಸಲ ದಾರಿಯಲ್ಲಿ ನಿಂತದ್ದು. ದಾರಿಯಲ್ಲಿ ನಿಲ್ಲಬೇಕಾದ್ರೆ ಮನೆಯಿಂದ ಹೊರಡಬೇಕಲ್ಲ ಆರ್ಲೋ."

ಜನ ನಕ್ಕರು. ಆರ್ಲೋ ಎದ್ದು ನಿಂತು, ತನ್ನ ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಚಪ್ಪಾಳೆ ಹೊಡೆದ. ಎಲ್ಲರೂ ನಿಲ್ಲಿಸಿದ ಮೇಲೂ ಹೊಡೆಯುತ್ತಲೇ ಇದ್ದ.

ಅಕ್ಟೋಬರಿನಲ್ಲಿ ಡೆಲೋರಿಸ್ ಲೈಸೆನ್ಸ್ ಹಿಂದಿರುಗಿಸಿದಳು. ಪೆಟ್ಟಿಗೆ ಇದ್ದ ಶೆಲ್ಫಿನಲ್ಲಿ ಈಗ ಪಿಸ್ಟನ್ ಇದೆ, ಬಟ್ಟೆ ಹೊದಿಸಿಲ್ಲ. ಹಡ್ಸನ್ ಇನ್ನೂ ಬೂದು ಬಣ್ಣದ್ದೇ. ಪಂಪಿನ ಕೊಳವೆಗೆ ಆರ್ಲೋ ಹಾಕಿರುವ ಪಟ್ಟಿಯನ್ನು ನಾನು ಟಾರ್ಚು ಹಾಕಿ ನೋಡಿದೆ, ಅದು ನನ್ನ ಗಂಡ ಹಾಕಿದ್ದಂಥದ್ದೇ. ಹಿಮ ಬೀಳದ ಭಾನುವಾರಗಳಲ್ಲಿ ಅವನು ಟ್ಯಾಂಕು ತುಂಬಿಸಿ ಅವಳನ್ನು ಹೋಲ್ಟ್ ಹೊಲದವರೆಗೆ ಕರೆದುಕೊಂಡು ಹೋಗುತ್ತಾನೆ. ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಹೇಳುತ್ತಾನೆ. ಅವಳು ಕಣ್ಣು ಮುಚ್ಚಿ ಕೇಳುತ್ತಾ, ಗೇರಿನ ಸದ್ದು ಒರಟಾದಾಗ, "ಮೆಲ್ಲಗೆ ಕಣೋ, ನಿನಗೆ ಈ ಕಾರು ಓಡಿಸೋ ಅಭ್ಯಾಸ ಇಲ್ಲ" ಎನ್ನುತ್ತಾಳೆ.